ಮೊದಲ ಗಿಟಾರ್ ಕೊಳ್ಳುವ ಮುನ್ನ: ಮಂಗಳೂರಿನ ಕುಟುಂಬವೊಂದರ ಪ್ರಕರಣ

ಹಿನ್ನೆಲೆ

ಮಂಗಳೂರಿನಲ್ಲಿ ನೆಲೆಸಿರುವ, ನನಗೆ ಪರಿಚಿತವಾದ ಕುಟುಂಬವೊಂದು ಎಂಟನೆಯ ತರಗತಿಯಲ್ಲಿ ಓದುವ ಮಗಳಿಗಾಗಿ ಗಿಟಾರ್ ಕೊಂಡ ಪ್ರಸಂಗವನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಗಿಟಾರ್‌ಗಳ ಸಣ್ಣಪುಟ್ಟ ದುರಸ್ತಿಯನ್ನು ಬಹುಕಾಲದಿಂದ ಮಾಡಿಕೊಂಡು ಬಂದವನೆಂಬ ಕಾರಣಕ್ಕೆ ಅವರು ನನ್ನನ್ನು ಜೊತೆಗೆ ಕರೆದಿದ್ದರು. ಆದ್ದರಿಂದ ಮೊದಲ ಮಾತುಕತೆಯಿಂದ ಹಿಡಿದು, ಕೊಂಡ ವಾದ್ಯವು ಒಂದು ಮಳೆಗಾಲವನ್ನು ಕಳೆಯುವವರೆಗಿನ ಎಲ್ಲವನ್ನೂ ಹತ್ತಿರದಿಂದ ನೋಡುವುದು ಸಾಧ್ಯವಾಯಿತು.

ಹುಡುಗಿ ಇಗರ್ಜಿಯ ಗಾಯನ ಮಂಡಳಿಯಲ್ಲಿ ಚಿಕ್ಕಂದಿನಿಂದಲೂ ಹಾಡುತ್ತಿದ್ದವಳು, ಸ್ವರಜ್ಞಾನ ಚೆನ್ನಾಗಿತ್ತು. ಬರೆಯುವುದು, ಉಣ್ಣುವುದು, ಶಟಲ್ ಆಡುವುದು ಎಲ್ಲವೂ ಎಡಗೈಯಲ್ಲಿ. ವಯಸ್ಸಿಗೆ ಸ್ವಲ್ಪ ಗಿಡ್ಡ. ಅವಳ ಮನಸ್ಸಿನಲ್ಲಿದ್ದುದು ಮೊಬೈಲಿನಲ್ಲಿ ಕಂಡ ಕಪ್ಪು ಬಣ್ಣದ, ಒಂದು ಬದಿ ಕೊರೆದ, ಪ್ಲಗ್ ಹಾಕಿ ನುಡಿಸಬಹುದಾದ ಗಿಟಾರ್. ತಾಯಿ ಗೊತ್ತುಮಾಡಿದ್ದ ಮೊತ್ತ 12,000 ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ. ತಂದೆಯ ಅಭಿಪ್ರಾಯದಲ್ಲಿ ಅಷ್ಟೂ ಹೆಚ್ಚೇ: "ಮೊದಲು ಕಡಿಮೆಯದ್ದು ತೆಗೆಯುವ, ಕಲಿತರೆ ಮತ್ತೆ ಒಳ್ಳೆಯದು ನೋಡುವ" ಎಂಬುದು ಅವರ ವಾದವಾಗಿತ್ತು. ಹೊಸದಾಗಿ ಕಲಿಯುವ ಮಕ್ಕಳಿರುವ ಬಹುತೇಕ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಮೇಲ್ನೋಟಕ್ಕೆ ವಿವೇಕದ್ದೆಂದು ತೋರುವ ಈ ಮಾತೇ ಕಲಿಕೆಯನ್ನು ಅರ್ಧಕ್ಕೆ ನಿಲ್ಲಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕೆಟ್ಟ ಸ್ಥಿತಿಯಲ್ಲಿರುವ ಗಿಟಾರ್‌ನಲ್ಲಿ ನುರಿತವರು ಹೇಗೋ ಹೊಂದಿಸಿಕೊಂಡು ನುಡಿಸಬಲ್ಲರು. ಹೊಸಬರಿಗೆ ಅದು ಸಾಧ್ಯವಿಲ್ಲ, ಮೇಲಾಗಿ ತಪ್ಪು ವಾದ್ಯದ್ದೋ ತನ್ನದೋ ಎಂದು ತಿಳಿಯುವ ದಾರಿಯೂ ಅವರಿಗಿರುವುದಿಲ್ಲ.

ಕೊಳ್ಳುವ ಮುನ್ನ ಬಗೆಹರಿಯಬೇಕಾದ ವಿಚಾರಗಳು

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಇತ್ಯರ್ಥವಾಗಬೇಕಾದ ಕೆಲವು ವಿಚಾರಗಳಿದ್ದವು. ಮೊದಲನೆಯದು ನೈಲಾನ್ ತಂತಿಯೋ ಸ್ಟೀಲ್ ತಂತಿಯೋ ಎಂಬುದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ ಆರೂ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋಗ್ರಾಂ ಇದ್ದರೆ, ಸಾಮಾನ್ಯ 12 ಗೇಜ್ (ತಂತಿಯ ದಪ್ಪದ ಅಳತೆ) ಸ್ಟೀಲ್ ತಂತಿಗಳಲ್ಲಿ ಅದು 70 ಕಿಲೋಗ್ರಾಂ ದಾಟುತ್ತದೆ. ಆದ್ದರಿಂದ ಬೆರಳ ತುದಿಗೆ ನೈಲಾನ್ ಮೃದು. ಆದರೆ ಅದರ ನೆಕ್ (ತಂತಿಗಳನ್ನು ಬೆರಳಿನಿಂದ ಒತ್ತುವ ಉದ್ದನೆಯ ಕತ್ತು) ಅಗಲ. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳನ್ನು ಹೊರುವ ಸಣ್ಣ ಪಟ್ಟಿ) ಬಳಿ ಕ್ಲಾಸಿಕಲ್ ಗಿಟಾರ್‌ನ ಅಗಲ ಸುಮಾರು 52 ಮಿಲಿಮೀಟರ್ ಇದ್ದರೆ, ಸ್ಟೀಲ್ ತಂತಿಯ ಅಕೌಸ್ಟಿಕ್‌ನದು ಸುಮಾರು 43. ಚಿಕ್ಕ ಕೈಗೆ ಈ ಒಂಬತ್ತು ಮಿಲಿಮೀಟರ್ ಸಣ್ಣ ವ್ಯತ್ಯಾಸವೇನಲ್ಲ. ಇದಕ್ಕಿಂತ ಮುಖ್ಯವಾದದ್ದು ಏನನ್ನು ನುಡಿಸಬೇಕೆಂಬುದು. ಕ್ಲಾಸಿಕಲ್ ಗಿಟಾರ್‌ನ ಗ್ರೇಡ್ ಪರೀಕ್ಷೆಗೆ ಕೂರುವ ಇಚ್ಛೆಯಿದ್ದರೆ ನೈಲಾನ್ ಬಿಟ್ಟು ಬೇರೆ ಯೋಚನೆಯೇ ಬೇಡ. ಈ ಹುಡುಗಿಯ ಉದ್ದೇಶ ಹಾಡಿಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಹಿಡಿದು ಸ್ಟ್ರಮ್ ಮಾಡುವುದು, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವುದು. ಅವಳಿಗೆ ಕಲಿಸಲು ಒಪ್ಪಿದ್ದ ಶಿಕ್ಷಕರೂ ಸ್ಟೀಲ್ ತಂತಿಯದ್ದೇ ಇರಲಿ ಎಂದಿದ್ದರು. ಬೆರಳಿನ ನೋವಿಗೆ ಪರಿಹಾರವಾಗಿ 12ರ ಬದಲು 10 ಗೇಜ್ ತಂತಿ ಹಾಕುವುದೆಂದು ತೀರ್ಮಾನವಾಯಿತು. ಅದರಲ್ಲಿ ಒಟ್ಟು ಎಳೆತ 60 ಕಿಲೋಗ್ರಾಂನ ಆಸುಪಾಸಿಗೆ ಇಳಿಯುತ್ತದೆ.

ಎಡಗೈಯ ವಿಚಾರ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಇದ್ದ ಗಿಟಾರ್‌ನ ತಂತಿಗಳನ್ನೇ ತಿರುಗುಮುರುಗಾಗಿ ಕಟ್ಟಿದರೆ ಆಯಿತೆಂದು ತಂದೆ ತಿಳಿದಿದ್ದರು. ಅಕೌಸ್ಟಿಕ್ ಗಿಟಾರ್‌ನಲ್ಲಿ ಹಾಗೆ ಮಾಡಿದರೆ ಹಲವು ಕಡೆ ತೊಡಕಾಗುತ್ತದೆ. ನಟ್‌ನ ಪ್ರತಿಯೊಂದು ಕಚ್ಚನ್ನು ಆಯಾ ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆದಿರುತ್ತಾರೆ. ದಪ್ಪ ತಂತಿ ಸಣ್ಣ ಕಚ್ಚಿನಲ್ಲಿ ಕೂರುವುದಿಲ್ಲ, ಸಣ್ಣ ತಂತಿ ದೊಡ್ಡ ಕಚ್ಚಿನಲ್ಲಿ ಅಲುಗಾಡುತ್ತದೆ. ಬ್ರಿಜ್ (ಒಡಲಿನ ಮೇಲೆ ತಂತಿಗಳ ಬುಡ ಸಿಕ್ಕಿಸುವ ಮರದ ತುಂಡು) ಮೇಲಿನ ಸ್ಯಾಡಲ್ (ತಂತಿಗಳನ್ನು ಹೊರುವ ಪಟ್ಟಿ) ಓರೆಯಾಗಿರುವುದು ಅಲಂಕಾರಕ್ಕಲ್ಲ, ದಪ್ಪ ತಂತಿಗಳಿಗೆ ತುಸು ಹೆಚ್ಚು ಉದ್ದ ಸಿಗಲೆಂದು. ತಂತಿ ತಿರುಗಿಸಿದಾಗ ಆ ಓರೆ ತಪ್ಪು ದಿಕ್ಕಿಗೆ ಬಂದು, ಮೇಲಿನ ಫ್ರೆಟ್‌ಗಳಲ್ಲಿ (ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು) ಸ್ವರಗಳು ಶ್ರುತಿ ಬಿಡುತ್ತವೆ. ಒಳಗಿನ ಆಧಾರಪಟ್ಟಿಗಳೂ ಎರಡು ಬದಿಗೆ ಒಂದೇ ರೀತಿ ಇರುವುದಿಲ್ಲ. ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರ್ ತಿರುಗಿಸಿಕೊಂಡೇ ನುಡಿಸಿದ್ದು ನಿಜ, ಆದರೆ ಅದು ಎಲೆಕ್ಟ್ರಿಕ್. ಅದರಲ್ಲಿ ಪ್ರತಿ ತಂತಿಯ ಉದ್ದವನ್ನೂ ಬ್ರಿಜ್‌ನಲ್ಲಿ ಸ್ಕ್ರೂ ತಿರುಗಿಸಿ ಹೊಂದಿಸಿಕೊಳ್ಳಬಹುದು.

ಹಾಗಾದರೆ ಎಡಗೈಯವರಿಗೆಂದೇ ತಯಾರಾದ ಗಿಟಾರ್ ಕೊಳ್ಳಬೇಕೆ? ಪಾಲ್ ಮೆಕಾರ್ಟ್ನಿ ಎಡಗೈಯವರು, ಎಡಗೈ ವಾದ್ಯವನ್ನೇ ನುಡಿಸುತ್ತಾರೆ. ಮಾರ್ಕ್ ನಾಫ್ಲರ್ ಕೂಡ ಎಡಗೈಯವರೇ, ಆದರೆ ನುಡಿಸುವುದು ಬಲಗೈಯವರಂತೆ. ಇದರಲ್ಲಿ ಒಂದೇ ಸರಿ ಎಂಬುದಿಲ್ಲ. ಹುಡುಗಿಗೆ ಗಿಟಾರ್ ಕೊಡದೆ, ಏನನ್ನೂ ವಿವರಿಸದೆ, ಇಗರ್ಜಿಯಲ್ಲಿ ಗಿಟಾರ್ ನುಡಿಸುವವರ ಅಭಿನಯ ಮಾಡಿ ತೋರಿಸೆಂದು ಹೇಳಿದಾಗ ಅವಳು ಹಿಂಜರಿಯದೆ ಬಲಗೈಯಿಂದ ಮೀಟುವಂತೆ ಮಾಡಿದಳು. ಅನಂತರ ಶಿಕ್ಷಕರ ಗಿಟಾರನ್ನು ಎರಡೂ ರೀತಿಯಲ್ಲಿ ಹಿಡಿಸಿ ನೋಡಿದಾಗಲೂ ತಾಳ ನಿಂತದ್ದು ಬಲಗೈಯಲ್ಲೇ. ಎಡಗೈಯಿಂದ ಮೀಟುವುದು ಅವಳಿಗೆ ಸಹಜವಾಗಿದ್ದಿದ್ದರೆ ಅಂಗಡಿಗಳಲ್ಲಿ ಆಯ್ಕೆ ಕಡಿಮೆಯೆಂಬ ನೆಪದಲ್ಲಿ ಬಲಗೈಗೆ ಒತ್ತಾಯಿಸುವುದನ್ನು ನಾನು ಒಪ್ಪುತ್ತಿರಲಿಲ್ಲ. ಎಡಗೈ ಮಾದರಿಯನ್ನು ಹೇಳಿ ತರಿಸುವುದೇ ಸರಿಯಾಗುತ್ತಿತ್ತು. ಇಲ್ಲಿ ಆ ಪ್ರಮೇಯ ಬರಲಿಲ್ಲ.

ಪ್ಲಗ್ ಹಾಕುವ ಪಿಕಪ್ (ನಾದವನ್ನು ಸ್ಪೀಕರಿಗೆ ಕಳಿಸುವ ಸಾಧನ) ಬೇಡವೆಂದು ಅವಳನ್ನು ಒಪ್ಪಿಸಲು ಹೆಚ್ಚು ಹೊತ್ತು ಬೇಕಾಯಿತು. ಈ ಬೆಲೆಯ ವಾದ್ಯದಲ್ಲಿ ಪಿಕಪ್‌ಗೆ ಹೋಗುವ ಹಣ ಮರ ಮತ್ತು ಕೆಲಸದ ಗುಣಮಟ್ಟದಿಂದ ಕಡಿತವಾದದ್ದೇ ಆಗಿರುತ್ತದೆ. ಕಲಿತ ಮೇಲೆ ಬೇಕೆನಿಸಿದರೆ ಹೊರಗಿನಿಂದ ಅಳವಡಿಸುವ ಪಿಕಪ್ ಸಿಗುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ನಾನು ಅವಳ ಪರವಾಗಿದ್ದೆ. ದಿನವೂ ಕೈಗೆತ್ತಿಕೊಳ್ಳಬೇಕಾದ ವಸ್ತು ಕಣ್ಣಿಗೆ ಇಷ್ಟವಾಗಿರುವುದು ತಪ್ಪಲ್ಲ.

ಮುಂದಿದ್ದ ಮೂರು ದಾರಿಗಳು

ಮೊದಲನೆಯದು ಆನ್‌ಲೈನ್‌ನಲ್ಲಿ ನಾಲ್ಕು ಸಾವಿರದೊಳಗೆ ಸಿಗುವ ಕಾಂಬೊ: ಗಿಟಾರ್, ಚೀಲ, ಬೆಲ್ಟ್, ಪಿಕ್, ಹೆಚ್ಚುವರಿ ತಂತಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ತಂದೆಯ ಒಲವು ಇದರ ಕಡೆಗಿತ್ತು. ವಿವರಣೆಯಲ್ಲಿ '38 ಇಂಚು' ಎಂದು ದೊಡ್ಡದಾಗಿ ಬರೆದಿತ್ತು. ಅದು ತಲೆಯಿಂದ ಬುಡದವರೆಗಿನ ವಾದ್ಯದ ಉದ್ದವೇ ಹೊರತು ತಂತಿ ಮಿಡಿಯುವ ಉದ್ದವಲ್ಲ. ನಟ್‌ನಿಂದ ಸ್ಯಾಡಲ್‌ವರೆಗಿನ ಈ ಎರಡನೆಯ ಅಳತೆಗೆ ಸ್ಕೇಲ್ ಎನ್ನುತ್ತಾರೆ. ಪೂರ್ಣ ಗಾತ್ರದ ಅಕೌಸ್ಟಿಕ್‌ಗಳಲ್ಲಿ ಅದು ಸಾಮಾನ್ಯವಾಗಿ 630ರಿಂದ 650 ಮಿಲಿಮೀಟರ್ ನಡುವೆ ಇರುತ್ತದೆ. ಎಡಗೈ ಬೆರಳುಗಳು ಎಷ್ಟು ಚಾಚಬೇಕೆಂಬುದನ್ನು ನಿರ್ಧರಿಸುವುದು ಇದೇ, ಆ ಪುಟದಲ್ಲಿ ಮಾತ್ರ ಇದರ ಸುದ್ದಿಯೇ ಇರಲಿಲ್ಲ. ಟ್ರಸ್ ರಾಡ್ ಇದೆಯೋ ಇಲ್ಲವೋ ಎಂಬುದನ್ನೂ ಹೇಳಿರಲಿಲ್ಲ. ನೆಕ್‌ನ ಒಳಗೆ ಹುದುಗಿರುವ ಈ ಲೋಹದ ಸರಳನ್ನು ಅಲೆನ್ ಕೀಯಿಂದ ತಿರುಗಿಸಿ ನೆಕ್‌ನ ಬಾಗನ್ನು ಸರಿಪಡಿಸಬಹುದು. ಸ್ಟೀಲ್ ತಂತಿಯ ವಾದ್ಯದಲ್ಲಿ ಅದು ಇಲ್ಲದಿದ್ದರೆ, ಒಮ್ಮೆ ಬಾಗಿದ ನೆಕ್ ಬಾಗಿದಂತೆಯೇ ಉಳಿಯುತ್ತದೆ. ಕರಾವಳಿಯ ಹವೆಯಲ್ಲಿ ನೆಕ್ ಬಾಗದೆ ಇರುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಆ ದಾರಿಯನ್ನು ಬಿಡಲು ಹೇಳಿದೆ.

ಎರಡನೆಯ ದಾರಿ ಖರ್ಚಿಲ್ಲದ್ದು, ಆದ್ದರಿಂದಲೇ ಹೆಚ್ಚು ಆಕರ್ಷಕವಾದದ್ದು. ಹುಡುಗಿಯ ಚಿಕ್ಕಪ್ಪ ಹಲವು ವರ್ಷ ಗಲ್ಫ್‌ನಲ್ಲಿದ್ದು ಮರಳುವಾಗ ತಂದಿದ್ದ ಬೆಲೆಬಾಳುವ ಗಿಟಾರ್ ಒಂದು ಮನೆಯ ಅಟ್ಟದಲ್ಲಿತ್ತು. ಮುಂಭಾಗದ ಹಲಗೆ ಇಡಿಯಾದ ಸ್ಪ್ರೂಸ್ ಮರದ್ದು. ಅದನ್ನು ಗುರುತಿಸುವುದು ಕಷ್ಟವಲ್ಲ: ಸೌಂಡ್‌ಹೋಲ್‌ನ (ಮುಂಭಾಗದ ಹಲಗೆಯ ದುಂಡನೆಯ ರಂಧ್ರದ) ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಇಡಿಯ ಹಲಗೆಯಲ್ಲಿ ಮೇಲಿನ ಮರದ ಗೆರೆಗಳು ಅಂಚಿನಲ್ಲಿಯೂ ನೇರವಾಗಿ ಇಳಿದಿರುತ್ತವೆ, ಪ್ಲೈ ಹಲಗೆಯಲ್ಲಿ ಅಂಚು ಮೂರು ಪದರಗಳಾಗಿ ಕಾಣುತ್ತದೆ. ಇಡಿಯ ಹಲಗೆಯ ನಾದ ಹೆಚ್ಚು ತೆರೆದದ್ದು, ವರ್ಷ ಕಳೆದಂತೆ ಇನ್ನಷ್ಟು ಬಲಿಯುವಂಥದ್ದು. ಆದರೆ ತೇವಕ್ಕೆ ಹಿಗ್ಗುವುದೂ ಒಣಹವೆಗೆ ಸೀಳುವುದೂ ಅದರಲ್ಲೇ ಹೆಚ್ಚು. ಈ ವಾದ್ಯವು ವರ್ಷಗಟ್ಟಲೆ ಏಸಿ ಕೋಣೆಯ ಒಣಹವೆಯಲ್ಲಿದ್ದು, ಬಳಿಕ ತಂತಿ ಸಡಿಲಿಸದೆ ಮಂಗಳೂರಿನ ಅಟ್ಟ ಸೇರಿತ್ತು. ಹೆಂಚಿನ ಕೆಳಗಿನ ಬೇಸಿಗೆಯ ಕಾವು, ಮಳೆಗಾಲದ ತೇವ, ಇವೆರಡರ ನಡುವೆ ಎಪ್ಪತ್ತು ಕಿಲೋಗ್ರಾಂನ ಬಿಡದ ಎಳೆತ.

ಪರಿಣಾಮ ಕಣ್ಣಿಗೇ ಕಾಣುತ್ತಿತ್ತು. ಬ್ರಿಜ್‌ನ ಹಿಂದೆ ಹಲಗೆ ಹೊಟ್ಟೆಯಂತೆ ಉಬ್ಬಿತ್ತು. ಸಿಟಿ ಬಸ್ಸಿನ ಟಿಕೆಟ್ ಒಂದನ್ನು ಬ್ರಿಜ್‌ನ ಹಿಂದಿನ ಅಂಚಿನಲ್ಲಿ ಒತ್ತಿ ಸರಿಸಿದರೆ ಒಂದು ಮೂಲೆಯಲ್ಲಿ ಅದು ಒಳಗೆ ನುಸುಳುತ್ತಿತ್ತು, ಅಂದರೆ ಅಂಟು ಬಿಡತೊಡಗಿತ್ತು. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ಐದು ಮಿಲಿಮೀಟರ್ ಮೀರಿತ್ತು. ಸ್ಯಾಡಲ್ ತೇಯ್ದು ಇಳಿಸೋಣವೆಂದರೆ ಅದು ಆಗಲೇ ಬ್ರಿಜ್‌ನಿಂದ ಕೂದಲೆಳೆಯಷ್ಟೇ ಮೇಲಿತ್ತು. ಉದ್ದನೆಯ ಸ್ಟೀಲ್ ಅಳತೆಪಟ್ಟಿಯನ್ನು ಫ್ರೆಟ್‌ಗಳ ಮೇಲಿಟ್ಟು ಮುಂದಕ್ಕೆ ಚಾಚಿದರೆ ಅದರ ತುದಿ ಬ್ರಿಜ್‌ನ ನೆತ್ತಿಯನ್ನು ಮುಟ್ಟಬೇಕು. ಇಲ್ಲಿ ಅದು ಬ್ರಿಜ್‌ನ ಮುಖಕ್ಕೆ, ಎರಡು ಮಿಲಿಮೀಟರ್ ಕೆಳಗೆ ತಗಲುತ್ತಿತ್ತು. ನೆಕ್‌ನ ಕೋನವೇ ತಪ್ಪಿದೆಯೆಂಬುದಕ್ಕೆ ಇದು ಲಕ್ಷಣ. ಇದನ್ನು ಸರಿಪಡಿಸಬೇಕಾದರೆ ನೆಕ್ಕನ್ನು ಹಬೆಯಿಂದ ಬಿಡಿಸಿ ಮತ್ತೆ ಕೂರಿಸಬೇಕು. ಇದು ನನ್ನಿಂದಾಗುವ ಕೆಲಸವಲ್ಲ, ಬಲ್ಲವರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ವಿಚಾರಿಸಿದಾಗ ಸಿಕ್ಕಿದ ಅಂದಾಜು ಮನೆಯವರ ಇಡೀ ಬಜೆಟ್ಟನ್ನು ಮೀರಿತ್ತು. ಚಿಕ್ಕಪ್ಪನಿಗೆ ಬೇಸರವಾಗದಂತೆ ಇದನ್ನು ತಿಳಿಸುವ ಹೊಣೆಯನ್ನು ತಾಯಿ ವಹಿಸಿಕೊಂಡರು.

ಉಳಿದದ್ದು ಮೂರನೆಯ ದಾರಿ: ಹೆಸರುವಾಸಿ ಕಂಪನಿಯೊಂದರ ಆರಂಭಿಕ ಮಾದರಿಯನ್ನು ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು. ಪ್ಲೈ ಹಲಗೆಯದ್ದೇ ಇರಲಿ ಎಂದು ನಾನು ಬೇಕೆಂದೇ ಸೂಚಿಸಿದೆ. ಗಿಟಾರ್‌ಗೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಹವೆ ಅದರ ಹತ್ತಿರಕ್ಕೂ ಬರುವುದಿಲ್ಲ. ತೇವಾಂಶ ನಿಯಂತ್ರಿಸುವ ವ್ಯವಸ್ಥೆಯಿಲ್ಲದ ಮನೆಯಲ್ಲಿ, ಮೊದಲ ವಾದ್ಯಕ್ಕೆ, ಒಂದರ ಮೇಲೊಂದು ಅಡ್ಡಡ್ಡಲಾಗಿ ಅಂಟಿಸಿದ ಪದರಗಳ ಹಲಗೆಯೇ ಹೆಚ್ಚು ಬಾಳಿಕೆಯದು. ನಾದದಲ್ಲಿ ತುಸು ನಷ್ಟವಿದೆ. ಅದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ರಾಯಚೂರು, ಕಲಬುರಗಿಯ ಬೇಸಿಗೆಗೂ ಇದೇ ಸಲಹೆ ಸಲ್ಲುತ್ತದೆ, ಕಾರಣ ಮಾತ್ರ ತದ್ವಿರುದ್ಧ: ಅಲ್ಲಿ ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಚಾಚಿ ಅಂಗೈಗೆ ಕೊರೆಯುತ್ತದೆ.

ಅಂಗಡಿಯಲ್ಲಿ

ಅಂಗಡಿಯವರು ಮೊದಲು ಮುಂದಿಟ್ಟದ್ದು ಡ್ರೆಡ್‌ನಾಟ್ ಆಕಾರದ, ಅಗಲವಾದ ಒಡಲಿನ ಗಿಟಾರ್. ಕೈಯಿಲ್ಲದ ಕುರ್ಚಿಯಲ್ಲಿ ಕೂತು ಹಿಡಿದಾಗ ಹುಡುಗಿಯ ಬಲಭುಜ ಕಿವಿಯ ಕಡೆಗೆ ಏರಿತು. ನಿಂತಾಗ ಗೊತ್ತಾಗದ ಈ ದೋಷ ಅರ್ಧ ಗಂಟೆ ಕೂತು ಅಭ್ಯಾಸ ಮಾಡುವಾಗ ಬೆನ್ನುನೋವಾಗಿ ಕಾಡುತ್ತದೆ. ಒಡಲು ತುಸು ಕಿರಿದೂ ತೆಳ್ಳಗೂ ಇರುವ ಕಾನ್ಸರ್ಟ್ ಆಕಾರದ್ದನ್ನು ಕೊಟ್ಟಾಗ ಭುಜ ತಾನಾಗಿ ಇಳಿಯಿತು.

ಫ್ರೆಟ್‌ಬೋರ್ಡ್ (ಫ್ರೆಟ್‌ಗಳನ್ನು ಕೂರಿಸಿದ ನೆಕ್‌ನ ಮೇಲ್ಪಟ್ಟಿ) ರೋಸ್‌ವುಡ್‌ನದ್ದೆಂದು ಅಂಗಡಿಯವರು ಒತ್ತಿ ಹೇಳುತ್ತಿದ್ದರು. ರೋಸ್‌ವುಡ್ ಎಂದರೆ ನಮ್ಮ ಘಟ್ಟದ ಬೀಟೆ ಮರದ ಬಳಗ. ಗಿಟಾರ್ ತಯಾರಿಸುವ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಬ್ರೆಜಿಲ್‌ನ ಮರವನ್ನು ಬಿಟ್ಟು ಭಾರತದ ಬೀಟೆಗೆ ಬದಲಾಯಿಸಿಕೊಂಡಿತ್ತು. 2017ರಲ್ಲಿ ಈ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದಡಿ ಪರವಾನಗಿ ಕಡ್ಡಾಯವಾದಾಗ ಹಲವು ತಯಾರಕರು ಬೇರೆ ಮರಗಳತ್ತ ಹೊರಳಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇದೆಲ್ಲ ತಿಳಿದಿರುವುದು ಒಳ್ಳೆಯದೇ, ಆದರೆ ಹತ್ತು ಸಾವಿರದ ಗಿಟಾರ್‌ನಲ್ಲಿ ಫ್ರೆಟ್‌ಬೋರ್ಡ್ ಯಾವ ಮರದ್ದೆಂಬುದಕ್ಕಿಂತ ಅದು ನೇರವಾಗಿದೆಯೇ ಎಂಬುದು ಹೆಚ್ಚಿನ ವಿಚಾರ.

ಒಂದೇ ಮಾದರಿಯ ಎರಡು ಗಿಟಾರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಕೇಳಿದ್ದೆ. ಅಂಗಡಿಯವರಿಗೆ ಇದು ವಿಚಿತ್ರವೆನಿಸಿತು: "ಎರಡೂ ಒಂದೇ ಅಲ್ವಾ, ಬೆಲೆಯೂ ಒಂದೇ." ಬೆಲೆ ಒಂದೇ ಆಗಿದ್ದರೂ ವಾದ್ಯಗಳು ಒಂದೇ ಆಗಿರಲಿಲ್ಲ. ಮೊದಲನೆಯದರಲ್ಲಿ ದಪ್ಪ ತಂತಿಯನ್ನು ಒಂದನೆಯ ಮತ್ತು ಹದಿನಾಲ್ಕನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿದು ಏಳನೆಯ ಫ್ರೆಟ್‌ನ ಬಳಿ ನೋಡಿದರೆ, ವಿಸಿಟಿಂಗ್ ಕಾರ್ಡ್ ಮಡಚಿ ತೂರಿಸಿದರೂ ಜಾಗ ಉಳಿಯುತ್ತಿತ್ತು. ಇರಬೇಕಾದ ಅಂತರ ಮಡಚದ ಒಂದು ಕಾರ್ಡಿನಷ್ಟು, ಅಂದರೆ ಸುಮಾರು ಕಾಲು ಮಿಲಿಮೀಟರ್. ಇಷ್ಟೇ ಆಗಿದ್ದರೆ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದಿತ್ತು. ಆದರೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒಂದೊಂದಾಗಿ ಮೀಟುತ್ತ ಹೋದಾಗ, ಮೂರನೆಯ ತಂತಿಯ ಐದನೆಯ ಫ್ರೆಟ್‌ನಲ್ಲಿ ಸ್ವರ ಕರ್ರೆನ್ನುತ್ತಿತ್ತು. ಆರನೆಯ ಫ್ರೆಟ್ ಉಳಿದವುಗಳಿಗಿಂತ ಎದ್ದು ನಿಂತಿದ್ದುದೇ ಅದಕ್ಕೆ ಕಾರಣ. ಹೊಸ ವಾದ್ಯದಲ್ಲಿ ಇದನ್ನು ಒಪ್ಪಿಕೊಳ್ಳಬೇಕಾದ ಅಗತ್ಯವಿಲ್ಲ. "ಕೈ ಪಳಗಿದರೆ ಸರಿಯಾಗ್ತದೆ" ಎಂಬ ಸಮಾಧಾನ ಅಲ್ಲಿಯೂ ಕೇಳಿಬಂತು. ಎದ್ದ ಫ್ರೆಟ್ ಕೈ ಪಳಗುವುದರಿಂದ ಇಳಿಯುವುದಿಲ್ಲ.

ಎರಡನೆಯದರಲ್ಲಿ ಯಾವ ಫ್ರೆಟ್‌ನಲ್ಲೂ ಅಪಸ್ವರವಿರಲಿಲ್ಲ, ನೆಕ್ ನೇರವಾಗಿತ್ತು. ತಂತಿಯ ಎತ್ತರ ಮಾತ್ರ ಹನ್ನೆರಡನೆಯ ಫ್ರೆಟ್‌ನಲ್ಲಿ ಮೂರೂವರೆ ಮಿಲಿಮೀಟರ್ ಇತ್ತು. ಕಾರ್ಖಾನೆಯಿಂದ ಬರುವ ಆರಂಭಿಕ ಮಾದರಿಗಳಲ್ಲಿ ಇದು ಸಾಮಾನ್ಯ. ಇಲ್ಲಿ ಹುಡುಗಿಯ ಕಿವಿಯೇ ನಮಗೆ ನೆರವಾಯಿತು. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ತಂತಿಯನ್ನು ಬೆರಳಿನಿಂದ ಸುಮ್ಮನೆ ಸೋಕಿ ಮೀಟಿದಾಗ ಬರುವ ಹಾರ್ಮೋನಿಕ್ ಸ್ವರವೂ, ಒತ್ತಿ ಹಿಡಿದು ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಐದನೆಯ ತಂತಿಯಲ್ಲಿ ಎರಡನ್ನೂ ಒಂದಾದಮೇಲೊಂದು ಕೇಳಿಸಿದಾಗ ಅವಳು ಟ್ಯೂನರ್ ಆ್ಯಪ್ ನೋಡುವ ಮೊದಲೇ "ಒತ್ತಿದ್ದು ಸ್ವಲ್ಪ ಏರಿದೆ" ಎಂದಳು. ತಂತಿ ಎತ್ತರದಲ್ಲಿದ್ದಷ್ಟೂ ಒತ್ತುವಾಗ ಹೆಚ್ಚು ಹಿಗ್ಗಿ ಸ್ವರ ಏರುತ್ತದೆ. ಎತ್ತರ ಇಳಿಸಿದರೆ ಈ ದೋಷ ಬಹುಪಾಲು ಹೋಗುತ್ತದೆ. ಇದೇ ಕಾರಣಕ್ಕೆ, ಆರೂ ತಂತಿಗಳನ್ನು ಸರಿಯಾಗಿ ಶ್ರುತಿ ಮಾಡಿದ ಮೇಲೂ ಕೆಲವು ಗಿಟಾರ್‌ಗಳಲ್ಲಿ ಕಾರ್ಡ್ ಹಿಡಿದಾಗ ಹುಳಿಹುಳಿಯಾಗಿ ಕೇಳುತ್ತದೆ. ಹಾಡುವ ಮಕ್ಕಳು ಇದನ್ನು ಬೇಗ ಗುರುತಿಸುತ್ತಾರೆ, ಆದರೆ ತಾವೇ ತಪ್ಪಾಗಿ ಒತ್ತುತ್ತಿದ್ದೇವೆಂದು ಭಾವಿಸಿ ಕೊರಗುತ್ತಾರೆ.

ಟ್ಯೂನಿಂಗ್ ಕೀಗಳು ಸಡಿಲವಿರಲಿಲ್ಲ. ಒಡಲನ್ನು ಬೆರಳಗಂಟಿನಿಂದ ಅಲ್ಲಲ್ಲಿ ತಟ್ಟಿದಾಗ ಒಳಗೆ ಬಿಟ್ಟ ಪಟ್ಟಿಯ ಸದ್ದು ಬರಲಿಲ್ಲ. ಈ ಎರಡನೆಯದನ್ನೇ ಕೊಳ್ಳುವುದೆಂದಾಯಿತು. ಕಪ್ಪು ಬಣ್ಣದ್ದು ಗೋದಾಮಿನಲ್ಲಿದೆ, ನಾಳೆ ತರಿಸಿಕೊಡುವ ಎಂದು ಅಂಗಡಿಯವರು ಹೇಳಿದಾಗ ಹುಡುಗಿಯ ಮುಖ ಅರಳಿತು. ಆದರೆ ಹಾಗೆ ಬರುವುದು ಪರೀಕ್ಷಿಸದ ಇನ್ನೊಂದು ವಾದ್ಯ. ಕಾದು, ಬಂದ ಮೇಲೆ ಅದನ್ನೂ ಹೀಗೆಯೇ ನೋಡಬಹುದು, ಇಲ್ಲವೇ ಇದನ್ನು ಒಪ್ಪಿಕೊಳ್ಳಬಹುದು ಎಂದು ಎರಡನ್ನೂ ಅವಳ ಮುಂದಿಟ್ಟೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮರದ ಬಣ್ಣದ ಇದೇ ಸಾಕೆಂದಳು.

ಹಣದ ಹಂಚಿಕೆ ಹೀಗಾಯಿತು. ಗಿಟಾರ್‌ಗೆ 9,500, ತುಸು ದಪ್ಪನೆಯ ಚೀಲಕ್ಕೆ 700, ಲೇಪನವಿರುವ 10 ಗೇಜ್ ತಂತಿಗೆ 600, ಸೆಟಪ್‌ಗೆ (ತಂತಿಯ ಎತ್ತರ ಮುಂತಾದವನ್ನು ಹೊಂದಿಸುವ ಕೆಲಸ) 800, ಕೇಪೊಗೆ (ಶ್ರುತಿ ಏರಿಸಲು ನೆಕ್‌ಗೆ ಹಾಕುವ ಕ್ಲಿಪ್) 250. ಒಟ್ಟು 11,850. ಸೆಟಪ್ಪನ್ನು ನಾನೇ ಉಚಿತವಾಗಿ ಮಾಡಿಕೊಡಬಹುದಿತ್ತು, ಆದರೆ ಮಾರಿದವರೇ ಮಾಡಿಕೊಟ್ಟರೆ ಮುಂದೆ ತೊಂದರೆ ಬಂದಾಗ ಹೊಣೆ ಯಾರದೆಂಬ ಗೊಂದಲವಿರುವುದಿಲ್ಲವೆಂದು ಅಂಗಡಿಯ ಮೇಸ್ತ್ರಿಗೇ ಒಪ್ಪಿಸಿದೆವು. ಅವರು ಸ್ಯಾಡಲ್‌ನ ತಳವನ್ನು ಮರಳುಕಾಗದದಲ್ಲಿ ತೇಯ್ದು, ನಟ್‌ನ ಕಚ್ಚುಗಳನ್ನು ಆಳಗೊಳಿಸಿ, ದಪ್ಪ ತಂತಿಯ ಎತ್ತರವನ್ನು 2.3 ಮಿಲಿಮೀಟರ್‌ಗೂ ಸಣ್ಣ ತಂತಿಯದನ್ನು 1.8ಕ್ಕೂ ಇಳಿಸಿದರು. ಮುಂದೆ ಬೇಕಾಗಬಹುದೆಂದು ತೇಯದ, ಪೂರ್ಣ ಎತ್ತರದ ಇನ್ನೊಂದು ಸ್ಯಾಡಲನ್ನೂ ಚೀಲದಲ್ಲಿ ಹಾಕಿಕೊಟ್ಟರು. ಮೊದಲ ದಿನದ ಅಂಗಡಿಯವರ ಸಮಾಧಾನದ ಮಾತುಗಳಿಗಿಂತ ಈ ಕೆಲಸ ಬಹಳ ಮೇಲಾಗಿತ್ತು.

ಮಳೆಗಾಲದಲ್ಲಿ

ಜುಲೈ ಕೊನೆಯ ಹೊತ್ತಿಗೆ ತಂತಿ ಮತ್ತೆ ಎತ್ತರವಾಗಿದೆಯೆಂದು ಮನೆಯಿಂದ ಫೋನ್ ಬಂತು. ಅಳೆದಾಗ 2.7 ಮಿಲಿಮೀಟರ್ ಇತ್ತು. ತೇವ ಹೀರಿ ಹಲಗೆ ತುಸು ಉಬ್ಬಿ, ಬ್ರಿಜ್ ಮೇಲೇರಿತ್ತು. ಸ್ಯಾಡಲನ್ನು ಇನ್ನಷ್ಟು ತೇಯುವಂತೆ ತಂದೆ ಕೇಳಿದರು. ಹಾಗೆ ಮಾಡಿದ್ದರೆ ಜನವರಿಯಲ್ಲಿ ಹಲಗೆ ಇಳಿದಾಗ ತಂತಿಗಳು ಫ್ರೆಟ್‌ಗಳಿಗೆ ತಾಗಿ ಎಲ್ಲೆಡೆ ಗಿರಗುಟ್ಟುತ್ತಿದ್ದವು. ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದ್ದರಿಂದಲೇ ನುಡಿಸಲು ಸಾಕಾಗುವಷ್ಟು ಸರಿಹೋಯಿತು.

ಅದಕ್ಕಿಂತ ಗಮನ ಬೇಕಾಗಿದ್ದುದು ವಾದ್ಯವನ್ನು ಇಡುತ್ತಿದ್ದ ಜಾಗಕ್ಕೆ. ಮಳೆ ಬಡಿಯುವ ಹೊರಗೋಡೆಯ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದರು. ಗೋಡೆಯ ತೇವ ನೇರವಾಗಿ ಹಿಂಬದಿಯ ಹಲಗೆಗೆ ತಾಗುತ್ತಿತ್ತು, ಬೆಲ್ಟಿನ ಬಟ್ಟೆಗೆ ಬೂಷ್ಟು ಹಿಡಿದಿತ್ತು. ಒಳಗೋಡೆಯ ಬದಿಯಲ್ಲಿ, ಚೀಲದೊಳಗೆ, ಸಿಲಿಕಾ ಜೆಲ್‌ನ ಪೊಟ್ಟಣಗಳೊಂದಿಗೆ ಇಡುವ ವ್ಯವಸ್ಥೆಯಾಯಿತು. ಸಿಲಿಕಾ ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ; ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ಉಪ್ಪುಗಾಳಿಯಿದ್ದರೂ ಲೇಪನದ ತಂತಿಗಳು ತುಕ್ಕು ಹಿಡಿದಿರಲಿಲ್ಲ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವ ರೂಢಿಯನ್ನು ಹುಡುಗಿ ಬಿಟ್ಟಿರಲಿಲ್ಲ.

ಡಿಸೆಂಬರ್‌ನಲ್ಲಿ ಅಳೆದಾಗ ತಂತಿಯ ಎತ್ತರ ಮತ್ತೆ 2.3ಕ್ಕೆ ಇಳಿದಿತ್ತು, ಮಳೆಗಾಲದಲ್ಲಿ ಬಿಗಿ ಮಾಡಿದ್ದ ಟ್ರಸ್ ರಾಡನ್ನು ಮೊದಲಿನ ಸ್ಥಿತಿಗೆ ತಂದೆವು. ಅವಳು ಆಗ ಎಫ್ ಕಾರ್ಡ್ ಹಿಡಿಯಲು ಹೆಣಗುತ್ತಿದ್ದಳು. ಆರೂ ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಬೇಕಾದ ಆ ಕಾರ್ಡ್ ಎಲ್ಲರಿಗೂ ಕಷ್ಟವೇ. ನಟ್‌ನ ಕಚ್ಚುಗಳು ತಕ್ಕಷ್ಟು ಆಳವಾಗಿವೆಯೇ ಎಂದು ಇನ್ನೊಮ್ಮೆ ಪರೀಕ್ಷಿಸಿದೆ, ಸರಿಯಾಗಿಯೇ ಇದ್ದವು. ಇನ್ನುಳಿದದ್ದು ಅಭ್ಯಾಸವೊಂದೇ ಎಂದು ಅವಳಿಗೂ ಶಿಕ್ಷಕರಿಗೂ ತಿಳಿಸಿದೆ. ಪಿಕಪ್ ಹಾಕಿಸುವ ಮಾತನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನಂತರ ನೋಡುವುದೆಂದು ಮನೆಯವರು ಮುಂದೂಡಿದ್ದಾರೆ.